ಹನ್ನೆರಡು ಮಂದಿ ನಾಡಿ ಎಪ್ಪತ್ತೆರಡು

ಗುರುಸಂಗಪ್ಪ ಎದುರಿಗೆ ಸಿಕ್ಕರ ಈಗ್ಲೂ ನಾನು ಸರ್ ಅಂತೀನಿ. ಬಾಯಿ ರೂಢಿ. ಹೊಟ್ಯಾಗ ಮಾತ್ರ ಏಕವಚನ, ಅದೂ ಮರ್ಯಾದಿ ಇಲ್ಲದ್ದು. ಹಾವಿನ ಸೇಡು ಹನ್ನೆರಡು ವರ್ಷ ಅಂತಾರ. ನಂದು ಹದಿನಾಲ್ಕು ತಿಂಗಳಿಗೇ ತೀರಿತು. ಹೆಂಗ ತೀರಿತು, ಅದಕ್ಕ ನಾನು ಏನು ಕೊಟ್ಟೆ ಅಂತ ಹೇಳ್ತೀನಿ. ನೀವು ನನ್ನ ಕಡಿ ತಲಿ ಆಡಿಸಬೇಕು ಅಂತೇನಿಲ್ಲ, ಕೇಳಿದ್ರ ಸಾಕು.

ನನ್ನ ಹೆಸರು ಶಾಂತಕುಮಾರಿ. ಹೆಸರಿನಾಗ ಅಷ್ಟ ಶಾಂತ. ಕೊಟ್ಟೂರಾಕಿ, ಇಪ್ಪತ್ನಾಲ್ಕು ವರ್ಷ. ನಮ್ಮವ್ವ ಎರ್ರೆಮ್ಮ ಸಾಲಿಯಾಗ ಬಿಸಿಯೂಟದ ಅಡಿಗಿ ಮಾಡ್ತಾಳ. ಆರನೇ ಕ್ಲಾಸಿನಾಗ ಇದ್ದಾಗಿಂದ ನಾನು ಖೋಖೋ ಆಡ್ತಾ ಬಂದಾಕಿ. ಕೂತವರ ನಡುವ ನುಸುಳಿ, ಕಂಬ ಸುತ್ತಿ, ಬೆನ್ನ ಹಿಂದ ಬರೋವಳ ಕೈಗೆ ಸಿಗದಂಗ ಓಡೋದು ನನ್ನ ಕೆಲಸ. ನನ್ನ ಮುಟ್ಟಬೇಕಂದ್ರ ಎದುರಿನ ತಂಡದ ಮೂರು ಮಂದಿ ಉಸಿರು ಕಟ್ಟಿ ಕುಂದ್ರಬೇಕಾಗ್ತಿತ್ತು. ಇದು ಜಂಬ ಅಂತ ತಿಳಕೊಂಡ್ರ ತಿಳಕೊಳ್ರಿ, ಇದ್ದದ್ದ ಹೇಳಾಕತ್ತೀನಿ.

ಗುರುಸಂಗಪ್ಪಗ ಬಿತ್ತನಿ ಬೀಜದ ಅಂಗಡಿ ಐತಿ. ನಮ್ಮ ಖೋಖೋ ಬಳಗಕ್ಕ ಕೋಚೂ ಆತನ, ಮ್ಯಾನೇಜರೂ ಆತನ. ಐದು ತಾಲ್ಲೂಕಿನ ಖೋಖೋ ಒಕ್ಕೂಟಕ್ಕ ಕಾರ್ಯದರ್ಶಿ ಬ್ಯಾರೆ. ಕಂಬದ ಹತ್ರ ಹೆಜ್ಜಿ ಹೆಂಗ ಮುರಿಬೇಕು, ಮೈ ಹೆಂಗ ಬಗ್ಗಿಸಬೇಕು ಅಂತ ನನಗ ಕಲಿಸಿದಾವ ಆತನ. ಅದನ್ನ ನಾನು ಇಲ್ಲ ಅನ್ನಂಗಿಲ್ಲ. ಕಲಿಸಿದ್ದು ಒಂದು ತೂಕ, ಮಾಡಿದ್ದು ಇನ್ನೊಂದು ತೂಕ.

ಟೂರ್ನಿಗೆ ಹೋಗೋ ಮುಂಚೆ ಪ್ರತಿ ಆಟಗಾರ್ತಿಗೂ ಡಾಕ್ಟ್ರ ಫಾರಂ ಬೇಕು ಅಂತ ಒಕ್ಕೂಟದ ನಿಯಮ. ನಾಡಿ, ಬಿಪಿ, ಎದಿ, ಉಸಿರು, ಎಲ್ಲಾ ನೋಡಿ ಡಾಕ್ಟ್ರು ಸಹಿ ಹಾಕಬೇಕು. ನಮ್ಮಲ್ಲಿ ಅದು ನಡೆಯೋ ರೀತಿನ ಬ್ಯಾರೆ. ಸೀಲು ಒತ್ತಿ ಸಹಿ ಬಿದ್ದ ಹನ್ನೆರಡು ಖಾಲಿ ಫಾರಂ ಗುರುಸಂಗಪ್ಪನ ಅಂಗಡಿಗೆ ಬಂದು ಕುಂತಿರ್ತಿದ್ವು. "ಶಾಂತಿ, ನಿನ್ನ ಅಕ್ಷರ ಮುತ್ತಿನಂಗ ಅದಾವ, ಬರದುಬಿಡವ್ವ" ಅಂತಿದ್ದ. ನಾನು ಬೀಜದ ಚೀಲದ ಮ್ಯಾಲೆ ಕುಂತು ಚಾ ಕುಡೀತಾ ಬರೀತಿದ್ದೆ. ನಾಡಿ ಬಡಿತ ಎಷ್ಟು ಬರೀಲಿ ಸರ್ ಅಂತ ಮೊದಲನೇ ವರ್ಷ ಕೇಳಿದ್ದೆ. "ಎಪ್ಪತ್ತೆರಡು ಹಾಕು, ಅದು ಎಲ್ಲಾರಿಗೂ ಒಪ್ಪತೈತಿ" ಅಂದ. ಹನ್ನೆರಡೂ ಹುಡ್ಗೇರಿಗೆ ಎಪ್ಪತ್ತೆರಡು. ಮೂರು ವರ್ಷ ಬರದೆ. ನನ್ನ ಫಾರಮ್ಮಿನಾಗ 'ಹೃದಯ: ಸರಿ ಐತಿ' ಅಂತ ನಾನ ಬರಕೊಂಡೆ. ಸುತ್ತೂ ತಂಡದವರು ಹಂಗ ಮಾಡ್ತಿದ್ರು, ಯಾರಿಗೂ ಅದು ತಪ್ಪು ಅಂತ ಅನ್ನಿಸಿದ್ದಿಲ್ಲ. ನನಗೂ ಅನ್ನಿಸ್ಲಿಲ್ಲ.

ಹೋದ ವರ್ಷ ಚಳಿಗಾಲದಾಗ ಪ್ರಾಕ್ಟೀಸ್ ಮಾಡೋವಾಗ ಒಮ್ಮೆ ಕಣ್ಣು ಕತ್ತಲಿ ಬಂದು ಬಿದ್ದೆ. ಗುರುಸಂಗಪ್ಪ ಮುಖಕ್ಕ ನೀರು ಹೊಡದು, ಗ್ಲೂಕೋಸ್ ಕುಡಿಸಿ, "ಹೊಟ್ಟಿಗೆ ಸರಿಯಾಗಿ ತಿಂದಿಲ್ಲ ಇಕಿ" ಅಂದ. ಆಮ್ಯಾಲೆ ರಾಜ್ಯ ತಂಡದ ಆಯ್ಕೆಗೆ ಒಂದು ಶಿಬಿರ ಆತು. ಅಲ್ಲಿ ಡಾಕ್ಟ್ರು ಖರೇನ ನೋಡ್ತಿದ್ರು. ಎದಿಗೆ ವೈರು ಹಚ್ಚಿ ಇಸಿಜಿ ತೆಗೆದ್ರು. ನನ್ನ ಕಾಗದ ಎರಡು ಸಲ ತಿರುವಿ ನೋಡಿ, ಏನೋ ಬರದು, ಕವರಿಗೆ ಅಂಟು ಹಚ್ಚಿ, "ನಿಮ್ಮ ಮ್ಯಾನೇಜರ್ ಕೈಗೆ ಕೊಡ್ತೀವಿ" ಅಂದ್ರು. ವಾಪಸ್ ಬರೋವಾಗ ಬಸ್ಸಿನಾಗ ಕೇಳಿದೆ, "ಏನು ಬರದಾರ ಸರ್?"

"ಏನಿಲ್ಲ. ಎಲ್ಲಾ ಸರಿ ಐತಿ ಅಂದಾರ. ಆಯ್ಕೆ ಮುಂದಿನ ಸಲ ನೋಡೂಣ ಅಂದ್ರು," ಅಂದ.

ನಾನು ನಂಬಿದೆ. ಕಿಟಕಿಗೆ ತಲಿ ಕೊಟ್ಟು ಹಾಯಾಗಿ ನಿದ್ದಿನೂ ಮಾಡಿದೆ.

ಎಂಟು ದಿನ ಕಳದು ಹಡಗಲಿಯಾಗ ಒಕ್ಕೂಟದ ಕಪ್ಪಿನ ಫೈನಲ್. ನಮಗೂ ಹರಪನಹಳ್ಳಿ ತಂಡಕ್ಕೂ. ಆರು ವರ್ಷದಿಂದ ಆ ಕಪ್ಪು ನಮ್ಮ ಬಳಗಕ್ಕ ಬಂದಿದ್ದಿಲ್ಲ. ಅದು ಬಂದ್ರ ಗುರುಸಂಗಪ್ಪ ರಾಜ್ಯದ ಆಯ್ಕೆ ಸಮಿತಿಗೆ ಹೋಗೋದು ಖಾತ್ರಿ ಅಂತ ಊರೆಲ್ಲಾ ಮಾತಿತ್ತು. ಮಧ್ಯಾಹ್ನ ಹನ್ನೆರಡರ ಬಿಸಿಲು. ಎರಡನೇ ಸರದಿಯಾಗ ಕಂಬ ಹಿಡದು ತಿರುಗಿದೆ, ಅಷ್ಟ ನೆಪ್ಪು. ಮುಂದಿಂದು ಮಂದಿ ಹೇಳಿದ್ದು, ವಿಡಿಯೋದಾಗ ನೋಡಿದ್ದು.

ವಿಡಿಯೋದಾಗ ನಾನು ಮಣ್ಣಿನ ಮ್ಯಾಲೆ ಅಂಗಾತ ಬಿದ್ದೀನಿ. ಕೈಕಾಲು ಒಂದೆರಡು ಸಲ ಅದುರ್ಯಾವ, ಆಮ್ಯಾಲೆ ಏನೂ ಇಲ್ಲ. ಗುರುಸಂಗಪ್ಪ ಓಡಿ ಬಂದ. "ಪಿಟ್ಸು, ಪಿಟ್ಸು, ಕಬ್ಬಣ ಕೊಡ್ರಿ" ಅಂತ ಗಾಡಿ ಕೀಲಿಗೊಂಚಲು ನನ್ನ ಅಂಗೈಯಾಗ ಇಟ್ಟು ಬೆರಳು ಮಡಿಸಿ ಹಿಡಕೊಂಡ. ಯಾರೋ ಚಪ್ಪಲಿ ಮೂಗಿಗೆ ಹಿಡದ್ರು. ಯಾರೋ ಉಳ್ಳಾಗಡ್ಡಿ ತರಾಕ ಓಡಿದ್ರು. ನನ್ನ ಹೃದಯ ನಿಂತಿತ್ತು. ಮಂದಿ ಸುತ್ತ ನಿಂತು ಉಳ್ಳಾಗಡ್ಡಿ ದಾರಿ ಕಾಯ್ತಿದ್ರು.

ಅವರ ನಡುವ ಒಬ್ಬಾಕಿ ನುಗ್ಗಿ ಬಂದ್ಲು. ಎದುರಿನ ತಂಡದ ನಾಯಕಿ ಲಕ್ಷ್ಮಿದೇವಿ. ಹರಪನಹಳ್ಳಿಯಾಗ ನರ್ಸು. ಕುತ್ತಿಗಿಗೆ ಎರಡು ಬೆರಳು ಹಚ್ಚಿ ನೋಡಿ, ಗುರುಸಂಗಪ್ಪನ್ನ ಭುಜದಾಗ ದಬ್ಬಿದ್ಲು. "ಪಿಟ್ಸ್ ಅಲ್ರೀ, ಉಸಿರೇ ಇಲ್ಲ ಆಕಿಗೆ, ಸರೀರಿ ಆಚೆ" ಅಂತ ಎದಿ ಮ್ಯಾಲೆ ಎರಡೂ ಕೈ ಇಟ್ಟು ಒತ್ತಾಕ ಹತ್ತಿದ್ಲು. ಗುರುಸಂಗಪ್ಪ, "ಏಯ್, ಹುಡ್ಗಿ ಎದಿ ಮುರಿತಿ" ಅಂತ ಆಕಿ ಕೈ ಹಿಡದು ಎಳದ. ವಿಡಿಯೋದಾಗ ಐತಿ ಅದು. ಆಕಿ ಒಂದು ಬಿಟ್ಟಳು ನೋಡ್ರಿ ಕಪಾಳಕ್ಕ, ಆ ಜಾಗದಾಗ ನಾನು ದಿನಕ್ಕ ನಾಲ್ಕು ಸಲ ವಿಡಿಯೋ ನಿಲ್ಲಿಸಿ ನೋಡ್ತಿದ್ದೆ. ಮೈದಾನದ ಬಾಜೂಕ ನಿಂತಿದ್ದ ಅಂಬುಲೆನ್ಸಿನವರು ಶಾಕ್ ಕೊಡೋ ಯಂತ್ರ ತಂದ್ರು. ಎರಡನೇ ಶಾಕಿಗೆ ನಾನು ವಾಪಸ್ ಬಂದೆ. ಎರಡು ಪಕ್ಕೆಲುಬು ಮುರದಿದ್ವು. ಮುರಿದಾಕಿ ಕೈಗೆ ನನ್ನ ಶರಣು.

ದಾವಣಗೆರೆಯಾಗ ಇಪ್ಪತ್ತು ದಿನ ಮಲಗಿದ್ದೆ. ಹುಟ್ಟಿನಿಂದ ಬಂದ ಕಾಯಿಲಿ, ಹೃದಯದ ಒಳಗಿನ ಕರೆಂಟು ಒಮ್ಮೊಮ್ಮೆ ತಾಳ ತಪ್ಪತೈತಿ, ಅಂದ್ರು ಡಾಕ್ಟ್ರಮ್ಮ. ಎಡಗಡಿ ಭುಜದ ಕೆಳಗ ತೊಗಲಿನ ಒಳಗ ಬೆಂಕಿಪೊಟ್ಟಣದಷ್ಟು ಡಬ್ಬಿ ಇಟ್ಟು ಹೊಲಿದ್ರು. ತಾಳ ತಪ್ಪಿದ್ರ ಅದು ಒಳಗಿಂದನ ಶಾಕ್ ಕೊಡತೈತಿ. ಗುರುಸಂಗಪ್ಪ ಸೇಬು, ದಾಳಿಂಬ್ರಿ ತಗೊಂಡು ಬಂದು, ನಮ್ಮವ್ವನ ಮುಂದ ಕಣ್ಣೀರು ಹಾಕಿ ಹೋದ. ಅವ್ವ ಆತನ ಕಾಲಿಗೆ ಬಿದ್ಲು. ಆಕಿಗೆ ಇನ್ನೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ.

ಬಿಡುಗಡಿ ಆಗೋ ಹಿಂದಿನ ದಿನ ಡಾಕ್ಟ್ರಮ್ಮ ಕೇಳಿದ್ರು, "ಇದಕ್ಕ ಮುಂಚೆ ಯಾವಾಗಾದ್ರೂ ಇಸಿಜಿ ತೆಗೆಸಿದ್ಯೇನಮ್ಮ?" ಶಿಬಿರದ ಮಾತು ಹೇಳಿದೆ. ಅವರು ಅಲ್ಲಿಗೆ ಫೋನ್ ಮಾಡಿದ್ರು. ಸಾಯಂಕಾಲಕ್ಕ ಮೊಬೈಲಿಗೆ ಕಾಗದದ ನಕಲು ಬಂತು. ಓದಿ ನನಗೂ ತೋರಿಸಿದ್ರು. 'ಈ ಆಟಗಾರ್ತಿ ಹೃದಯ ತಜ್ಞರಿಗೆ ತೋರಿಸುವ ತನಕ ಆಡಬಾರದು, ಓಡಬಾರದು.' ಕೆಳಗ 'ಕವರ್ ತಲುಪಿದೆ' ಅಂತ ಗುರುಸಂಗಪ್ಪನ ಸಹಿ. ಹಡಗಲಿ ಫೈನಲ್ಲಿಗೆ ಎಂಟು ದಿನ ಮೊದಲಿನ ತಾರೀಖು.

ಎಂಟು ದಿನ ಆತ ನನ್ನ ಓಡಿಸ್ಯಾನ. ಬೆಳಿಗ್ಗೆ ಎಂಟು ಸುತ್ತು, ಸಂಜಿಗೆ ಎಂಟು ಸುತ್ತು. ಓಡು ಶಾಂತಿ, ಇನ್ನಾ ಜೋರು ಓಡು ಅಂತ ಪೀಪಿ ಊದಿ ಓಡಿಸ್ಯಾನ. ಕವರು ಅಂಗಡ್ಯಾಗ ಇಟ್ಕೊಂಡು.

ಫೋನ್ ಹಚ್ಚಿದೆ. ಬಯ್ಯಬೇಕು ಅಂತಿದ್ದೆ. ಕವರು ಎಲ್ಲಿ ಸರ್ ಅಂದೆ ಅಷ್ಟ.

"ಕವರು ನಿನ್ನ ಕೈಯಾಗ ಕೊಟ್ಟಿದ್ನೆಲ್ಲ ತಂಗಿ. ನೀನ ಮುಚ್ಚಿಟ್ಟಿ, ಆಡೋ ಆಸೆಗೆ," ಅಂದ. ದನಿಯಾಗ ಒಂಚೂರೂ ನಡುಕ ಇಲ್ಲ. "ಬ್ಯಾರೆ ಯಾರ ಮುಂದನೂ ಬಾಯಿ ಬಿಡಬ್ಯಾಡ. ಫಾರಂ ಯಾರ ಕೈಬರಹ ಅಂತ ನೋಡ್ಕೊ ಮೊದಲು. ಹೃದಯ ಸರಿ ಐತಿ ಅಂತ ಬರದಾಕಿ ನೀನು. ಮೊದಲು ನೀನ ಹೋಗ್ತಿ."

ಹಂಗ ಹೇಳಿ ಬಿಟ್ಟನೇನು? ಇಲ್ಲ. "ಆ ಹುಡ್ಗಿಗೆ ಮೊದಲಿಂದ ಪಿಟ್ಸ್ ಬರ್ತಿತ್ತಂತ, ನಮ್ಮಿಂದ ಮುಚ್ಚಿಟ್ಟಿದ್ಲು" ಅಂತ ಅಂಗಡಿಗೆ ಬಂದ ರೈತರ ಮುಂದೆಲ್ಲಾ ಹಾಡ್ಕೊಂಡ. ನಾನು ಒಂದು ಸಣ್ಣ ಸಾಲಿಯಾಗ ಮಕ್ಕಳಿಗೆ ಆಟ ಕಲಿಸೋ ಕೆಲಸ ಮಾಡ್ತಿದ್ದೆ. ಮಕ್ಕಳ ಮುಂದ ಬಿದ್ರ ಹೆಂಗಮ್ಮ ಅಂತ ಅವರು ಬ್ಯಾಡ ಅಂದ್ರು. ಓಣ್ಯಾಗ ಹೆಂಗಸ್ರು ನನ್ನ ಕಂಡ್ರ ಕೂಸುಗಳನ್ನ ಸೆರಗಿನಾಗ ಮುಚ್ಕೊಳ್ಳಾಕ ಹತ್ತಿದ್ರು. ಆವತ್ತು ಅಡಿಗಿಮನ್ಯಾಗ ಕುಂತು ನಿಶ್ಚಯ ಮಾಡಿದೆ. ಇವನ ತಂಡದ ಎದುರಿಗೆ, ಇವನ ಕಣ್ಣ ಮುಂದ, ಮತ್ತ ಆಡ್ತೀನಿ. ಆಡಿ ಇವನ್ನ ಸೋಲಿಸ್ತೀನಿ. ಅಲ್ಲಿ ತನಕ ಸಾಯಂಗಿಲ್ಲ.

ಡಾಕ್ಟ್ರಮ್ಮನ ಮುಂದ ಸೇಡಿನ ಮಾತು ಹೇಳ್ಲಿಲ್ಲ. ಹೃದಯ ನಿಂತವರು ಮತ್ತ ಆಡಬಹುದಾ ಮೇಡಂ ಅಂತ ಕೇಳಿದೆ.

ಅವರು ಕುರ್ಚಿ ನನ್ನ ಕಡಿ ಎಳಕೊಂಡ್ರು. "ಮೊದಲಾದ್ರೆ ಆಟ ಬಿಡು ಅಂತ ಒಂದೇ ಮಾತು ಹೇಳ್ತಿದ್ವಿ. ಈಗ ಹಂಗೆ ಹೇಳೋದಿಲ್ಲ. ಕೆಲವರಿಗೆ ಓಡಿದಷ್ಟೂ ಹೃದಯ ಹಾಳಾಗೋ ಕಾಯಿಲೆ ಇರುತ್ತೆ, ಅವರಿಗೆ ಬೇಡವೇ ಬೇಡ. ನಿಂದು ಆ ಜಾತಿ ಅಲ್ಲ. ಮಾತ್ರೆ ಒಂದು ದಿನಾನೂ ತಪ್ಪಬಾರದು. ಆರು ತಿಂಗಳು ನೋಡೋಣ. ಡಬ್ಬಿ ಒಂದು ಸಲಾನೂ ಶಾಕ್ ಕೊಡದೆ ಇದ್ರೆ, ಓಡಿಸಿ ಪರೀಕ್ಷೆ ಮಾಡೋಣ. ಆಡಿದ್ರೂ ಒಬ್ಬಳೇ ಆಡೋ ಹಾಗಿಲ್ಲ. ಮೈದಾನದಲ್ಲಿ ಶಾಕ್ ಯಂತ್ರ ಇರಬೇಕು, ಎದೆ ಒತ್ತೋದು ಬಲ್ಲವರು ಇರಬೇಕು. ಇಷ್ಟೆಲ್ಲ ಇದ್ರೂ ಮತ್ತೆ ಬೀಳೋದೇ ಇಲ್ಲ ಅಂತ ನಾನು ಬರೆದು ಕೊಡಲ್ಲ. ನಿಮ್ಮ ತಾಯಿನ ಕರಕೊಂಡು ಬಾ, ಮೂವರೂ ಕೂತು ತೀರ್ಮಾನ ಮಾಡೋಣ."

ಅವ್ವ ಮೊದಲು ಎದಿ ಎದಿ ಬಡಕೊಂಡ್ಲು. "ಆ ಮೈದಾನದಾಗ ಕಾಲಿಟ್ರ ನನ್ನ ಹೆಣ ನೋಡ್ತಿ" ಅಂದ್ಲು. ಆಗ ಕವರಿನ ಮಾತು ಹೇಳಿದೆ. ಅಲ್ಲೀತನಕ ಹೇಳಿದ್ದಿಲ್ಲ. ಅವ್ವ ಆತನ ಕಾಲು ಮುಟ್ಟಿದ್ದ ಕೈ ನೋಡ್ಕೊಂಡ್ಲು. ಆಮ್ಯಾಲೆ ಎದ್ದು ನಲ್ಲಿ ಹತ್ರ ಹೋಗಿ ಸಬಕಾರ ಹಚ್ಚಿ ಕೈ ತೊಳಕೊಂಡು ಬಂದು, "ಆಡು. ಆದ್ರ ಆ ನರ್ಸಮ್ಮ ಇದ್ದ ಕಡಿ ಆಡು" ಅಂದ್ಲು. ನಮ್ಮವ್ವ ನನಗಿಂತ ಒಂದು ಕೈ ಜಾಸ್ತಿನ.

ಹಿಂಗ ನಾನು ಹರಪನಹಳ್ಳಿ ತಂಡ ಸೇರಿದೆ. ಲಕ್ಷ್ಮಕ್ಕ ಮೊದಲು ಒಪ್ಪಲಿಲ್ಲ. "ಒಂದ್ಸಲ ಒತ್ತಿದ್ದೇ ಸಾಕಾಗೈತೆ ನಂಗೆ. ಇನ್ನೊಂದ್ಸಲ ಆಗಲ್ಲ ಕಣೆ" ಅಂದ್ಲು. ಡಾಕ್ಟ್ರ ಕಾಗದ ತೋರಿಸಿದ ಮ್ಯಾಲೆ ಒಪ್ಪಿದ್ಲು. ಒಪ್ಪಿದ್ದಷ್ಟ ಅಲ್ಲ, ತಂಡದ ಎಲ್ಲಾ ಹುಡ್ಗೇರಿಗೂ ಎದಿ ಒತ್ತೋದು ಕಲಿಸಿದ್ಲು. ಒಂದು ಭಾನುವಾರ ನಮ್ಮ ಮನಿಗೆ ಬಂದು ಅವ್ವನಿಗೂ ಅಕ್ಕಿ ಚೀಲದ ಮ್ಯಾಲೆ ಕಲಿಸಿದ್ಲು. ಅವ್ವ ಒತ್ತಿದ ರಭಸಕ್ಕ ಚೀಲ ಹರದು ಅಕ್ಕಿ ಪಡಸಾಲಿ ತುಂಬಾ ಆತು. "ಈಕಿ ಕೈಗೆ ಸಿಕ್ರೆ ನಿನ್ನ ಒಂದು ಎಲುಬೂ ಉಳಿಯಲ್ಲ ಬಿಡು" ಅಂತ ಲಕ್ಷ್ಮಕ್ಕ ನಕ್ಕಳು. ಅವತ್ತು ಮೂರೂ ಮಂದಿ ಭಾಳ ದಿನದ ಮ್ಯಾಲೆ ನಕ್ಕಿದ್ವಿ.

ಆರು ತಿಂಗಳು ಬರೇ ನಡಿಗಿ. ಆಮ್ಯಾಲೆ ನಿಧಾನ ಓಟ. ಮಾತ್ರಿ ತಗೊಂಡ್ರ ಕಾಲಿಗೆ ಮರಳು ಕಟ್ಟಿದಂಗ ಆಗ್ತಿತ್ತು. ಡಾಕ್ಟ್ರಮ್ಮ ತಿರುಗೋ ಬೆಲ್ಟಿನ ಮ್ಯಾಲೆ ಓಡಿಸಿ, ವೈರು ಹಚ್ಚಿ, ಡಬ್ಬಿ ಒಳಗಿನ ಲೆಕ್ಕ ಎಲ್ಲಾ ತೆಗೆದು ನೋಡಿದ್ರು. ಒಂದು ಸಲಾನೂ ಶಾಕ್ ಕೊಟ್ಟಿದ್ದಿಲ್ಲ. ನಾಲ್ಕು ಪುಟ ಬರದು ಕೊಟ್ರು. ಓಡುವ ಸರದಿ ಮಾತ್ರ, ಬೆನ್ನಟ್ಟುವ ಸರದಿಗೆ ಮೈದಾನದ ಹೊರಗ ಕೂಡಬೇಕು, ಎಡಗಡಿ ಹಾರಿ ಬೀಳಬಾರದು, ಡಬ್ಬಿ ಮ್ಯಾಲೆ ದಪ್ಪ ಪಟ್ಟಿ ಇರಬೇಕು. ನನಗ ಅಷ್ಟು ಸಾಕಾಗಿತ್ತು. ಗುರುಸಂಗಪ್ಪನ ಹೊಟ್ಟಿ ಉರಸಾಕ ಒಂದು ಸರದಿ ಸಾಕು.

ಈ ವರ್ಷದ ಫೈನಲ್ ಹಗರಿಬೊಮ್ಮನಹಳ್ಳಿಯಾಗ ಆತು. ಹರಪನಹಳ್ಳಿಗೂ ಕೊಟ್ಟೂರಿಗೂ. ನನ್ನ ಪಾಲಿಗೆ ದೇವರು ಆವತ್ತು ಒಂದು ದಿನ ಕಣ್ಣು ಬಿಟ್ಟಿದ್ದ. ಮೈದಾನಕ್ಕ ಇಳಿಯೋವಾಗ ಗುರುಸಂಗಪ್ಪ ತನ್ನ ಹುಡ್ಗೇರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಆಕಿನ್ನ ಜಾಸ್ತಿ ಓಡಿಸ್ರಿ. ಎರಡು ನಿಮಿಷಕ್ಕ ತಾನಾಗೇ ಕುಂದುರ್ತಾಳ."

ಐದು ನಿಮಿಷ ನಲವತ್ತು ಸೆಕೆಂಡು ಉಳದಿದ್ದಾಗ ನಾನು ಒಳಗ ಹೋದೆ. ಹೆದರಿಕಿ ಆಗಿದ್ದಿಲ್ಲ ಅಂದ್ರ ನಾಲಿಗಿಗೆ ಹುಳ ಬೀಳ್ಲಿ. ಮೊದಲನೇ ಸಲ ಕಂಬ ತಿರುಗೋವಾಗ ಹೋದ ವರ್ಷದ್ದು ಕಣ್ಮುಂದ ಬಂತು, ಒಂದು ಹೆಜ್ಜಿ ತಡ ಆತು. ಹಿಂದಿದ್ದಾಕಿ ಬೆರಳು ನನ್ನ ಜಡಿ ತುದಿಗೆ ಸವರಿ ಹೋತು. ಗೆರಿ ಆಚಿಗೆ ಲಕ್ಷ್ಮಕ್ಕ ಶಾಕ್ ಯಂತ್ರ ತೊಡಿ ಮ್ಯಾಲೆ ಇಟ್ಕೊಂಡು ಕುಂತಿದ್ಲು, ಆ ಸರದಿ ಆಕಿ ಆಡಿದ್ದಿಲ್ಲ, ನನ್ನ ಸಲುವಾಗಿ. ಅವ್ವ ಆಕಿ ಬಾಜೂಕ ನಿಂತು ಸೆರಗು ಬಾಯಾಗ ತುರುಕ್ಕೊಂಡಿದ್ಲು. ನಾನು ಅವರಿಬ್ಬರನ್ನ ನೋಡೋದು ಬಿಟ್ಟು ಗುರುಸಂಗಪ್ಪನ್ನ ನೋಡಿದೆ. ಆಗ ಕಾಲು ಬಂದ್ವು ನೋಡ್ರಿ. ಒಬ್ಬಾಕಿ ಆದ ಮ್ಯಾಲೆ ಒಬ್ಬಾಕಿ ಬೆನ್ನು ಹತ್ತಿದ್ರು. ಆತ ಕಲಿಸಿದ ಹೆಜ್ಜಿನ ಹಾಕಿ ಆತನ ಹುಡ್ಗೇರನ್ನ ದಾಟಿದೆ. ಎರಡು ನಿಮಿಷ ಆತು, ಮೂರಾತು, ಐದಾತು. ಕೊನಿ ಪೀಪಿ ಊದಿದಾಗ ನಾನು ಇನ್ನೂ ನಿಂತಿದ್ದೆ. ಒಂದು ಪಾಯಿಂಟಿನಿಂದ ನಾವು ಗೆದ್ವಿ.

ಆತನ ಮುಖ ಆವತ್ತು ಹಳಸಿದ ಸಾರಿನಂಗ ಆಗಿತ್ತು. ನನಗ ಎಷ್ಟು ಖುಷಿ ಆತು ಅಂದ್ರ, ಕಪ್ಪು ತಗೊಳ್ಳೋದನ್ನೂ ಮರತು ಅದನ್ನ ನೋಡ್ಕೊಂತ ನಿಂತೆ.

ಒಕ್ಕೂಟದ ಅಧ್ಯಕ್ಷರು ಓಬಳೇಶಪ್ಪ ಅಂತ, ವಯಸ್ಸಾದವರು, ಸೀದಾ ಮನಷ್ಯಾ. ಮೈಕಿನಾಗ ರಾಜ್ಯ ಶಿಬಿರಕ್ಕ ಆಯ್ಕೆ ಆದವರ ಹೆಸರು ಓದಿದ್ರು. ಮೊದಲನೇ ಹೆಸರು ನಂದು. ಅವ್ವ ಅಲ್ಲೇ ಮಣ್ಣಾಗ ಕುಂತುಬಿಟ್ಲು. "ಬಾರಮ್ಮ, ನಿನ್ನ ಡಾಕ್ಟ್ರ ಕಾಗದದ ಮ್ಯಾಲೆ ಒಂದು ಸಹಿ ಹಾಕು" ಅಂತ ಓಬಳೇಶಪ್ಪ ಕರದ್ರು. ಟೇಬಲ್ಲಿಗೆ ಹೋದೆ. ಅವರು ಫೈಲು ತಿರುವ್ತಿದ್ರು. ನನ್ನ ನಾಲ್ಕು ಪುಟದ ಮ್ಯಾಲೆ ಕೊಟ್ಟೂರು ತಂಡದ ಫಾರಂ ಇದ್ವು. ಒಂದೊಂದ ತೆಗೆದು ಈಚೆ ಇಟ್ರು. ಎಪ್ಪತ್ತೆರಡು. ಎಪ್ಪತ್ತೆರಡು. ಎಪ್ಪತ್ತೆರಡು. ಹನ್ನೆರಡೂ ಒಂದೇ ಕೈಬರಹ, ದುಂಡಗ, ಚೆಂದಗ.

ಕೊಟ್ಟೂರು ತಂಡದ ನಾಯಕಿ ಗೀತಾಂಜಲಿ, ಹದಿನೇಳರ ಹುಡ್ಗಿ, ಬಾಜೂಕ ನಿಂತಿದ್ಲು. "ಯಾರು ಬರದಿದ್ದು ಇದು?" ಅಂದೆ.

"ನಾನ ಅಕ್ಕ. ನನ್ನ ಅಕ್ಷರ ಚೆಂದ ಅದಾವ ಅಂತ ಸರ್ ನನಗ ಬರಸ್ತಾರ," ಅಂದ್ಲು. ಮುಖದಾಗ ಹೆಮ್ಮಿ ಇತ್ತು.

ಅಷ್ಟರಾಗ ಗುರುಸಂಗಪ್ಪ ಮೈಕ್ ಹಿಡದಿದ್ದ. ಸೋತ ಮುಖ ಒರಸಿಕೊಂಡು ಗೆದ್ದ ಮುಖ ಹಚ್ಚಿಕೊಂಡಿದ್ದ. "ಬಂಧುಗಳೇ, ಈ ಶಾಂತಕುಮಾರಿ ನನ್ನ ಶಿಷ್ಯೆ. ಹೋದ ವರ್ಷ ಈಕಿ ಬಿದ್ದಾಗ ಮೊದಲು ಓಡಿ ಹೋದಾವ ನಾನು. ಇವತ್ತು ಈಕಿ ಎದ್ದು ಬಂದಾಳಂದ್ರ ಅದು ನನ್ನ ಗರಡಿ ತಾಕತ್ತು. ಯಾವ ತಂಡದಾಗ ಇದ್ರೂ ಈಕಿ ನನ್ನ ಮಗಳಿದ್ದಂಗ" ಅಂದ. ಮಂದಿ ಚಪ್ಪಾಳಿ ಹೊಡದ್ರು. ಹಾರ ತಗೊಂಡು ನನ್ನ ಕಡಿ ಬಂದ.

ನಾನು ಏನು ಮಾಡ್ತಿದ್ದೀನಿ ಅಂತ ನನಗ ಪೂರಾ ಗೊತ್ತಿತ್ತು, ಇದನ್ನ ತಿಳಕೊಳ್ರಿ. ಸಿಟ್ಟಿನ ಭರದಾಗ ಕಣ್ಣು ಮುಚ್ಚಿ ಮಾಡಿದ್ದಲ್ಲ. ಸುಳ್ಳು ಫಾರಂ ಬರದ ಆಟಗಾರ್ತಿಗೆ ಐದು ವರ್ಷ ಆಟ ಬಂದ್ ಅಂತ ಒಕ್ಕೂಟದ ನಿಯಮ ಐತಿ. ಐದು ವರ್ಷ ಕಳದ್ರ ನನಗ ಇಪ್ಪತ್ತೊಂಬತ್ತು. ಖೋಖೋದಾಗ ಅದು ಮುಗಿದಂಗ. ಸುಮ್ಮನ ಹಾರ ಹಾಕಿಸ್ಕೊಂಡ್ರ ರಾಜ್ಯ ಶಿಬಿರ. ಬಾಯಿ ಬಿಟ್ರ ಏನೂ ಇಲ್ಲ. ಆ ಹುಡ್ಗೇರ ಸಲುವಾಗಿ ಬಾಯಿ ಬಿಟ್ಟೆ ಅಂತ ಹೇಳಿದ್ರ ದೊಡ್ಡ ಮನಸಿನಾಕಿ ಅನ್ನಿಸ್ಕೊಬಹುದು. ಅದು ಕಾಲು ಭಾಗ. ಮುಕ್ಕಾಲು ಭಾಗ ಆ ಹಾರ. ನನ್ನ ಸಾಯಾಕ ಬಿಟ್ಟು, ಬದುಕಿ ಬಂದದ್ದನ್ನೂ ತನ್ನದು ಅಂತ ಬರಸ್ಕೊಳ್ಳಾಕ ಬಂದನಲ್ಲ, ಅದು ತಡೀಲಿಲ್ಲ.

ಆತನ ಕೈಯಿಂದ ಮೈಕ್ ಕಿತ್ಕೊಂಡೆ.

"ಓಬಳೇಶಪ್ಪ ಸರ್, ಆ ಹನ್ನೆರಡು ಫಾರಂ ಒಂದೇ ಹುಡ್ಗಿ ಬರದಾಳ. ಡಾಕ್ಟ್ರು ಯಾರನ್ನೂ ನೋಡಿಲ್ಲ. ಅದಕ್ಕಿಂತ ಹಿಂದಿನ ಮೂರು ವರ್ಷದ್ದು ಮೂವತ್ತಾರು ಫಾರಂ ನಾನ ಬರದೀನಿ, ಇವರ ಬೀಜದ ಅಂಗಡ್ಯಾಗ ಕುಂತು. ತೆಗೆದು ನೋಡ್ರಿ, ನನ್ನ ಸಹಿ ಜೋಡಿ ಹೊಂದಿಸಿ ನೋಡ್ರಿ. ನಾನು ಆಡಬಾರದು ಅಂತ ಶಿಬಿರದ ಡಾಕ್ಟ್ರು ಕೊಟ್ಟ ಕವರು ಇವರ ಹತ್ರ ಎಂಟು ದಿನ ಇತ್ತು. ಓದಿ, ಮುಚ್ಚಿಟ್ಟು, ನನ್ನ ಓಡಿಸಿದ್ರು."

ಚಪ್ಪಾಳಿ ನಿಂತಿತು. ಗುರುಸಂಗಪ್ಪ ನಗಾಕ ನೋಡಿದ. "ಮಶೀನು ಇಟ್ಟ ಮ್ಯಾಲೆ ಹುಡ್ಗಿಗೆ ತಲಿ..." ಅಂದ. ಓಬಳೇಶಪ್ಪ ಕೈ ಎತ್ತಿ ಸುಮ್ಮನಿರ್ರಿ ಅಂದ್ರು. ಕನ್ನಡಕ ಹಾಕ್ಕೊಂಡು ಫಾರಮ್ಮಿನ ಸೀಲು ನೋಡಿದ್ರು. ಆಮ್ಯಾಲೆ ಮೆಲ್ಲಗ ಅಂದ್ರು, "ಗುರುಸಂಗಪ್ಪ, ಈ ಡಾಕ್ಟ್ರು ತೀರಿಕೊಂಡು ಎರಡು ವರ್ಷ ಆತಲ್ಲಪ್ಪ. ಮಣ್ಣಿಗೆ ನಾನೂ ಹೋಗಿದ್ದೆ."

ಅದು ನನಗೂ ಗೊತ್ತಿದ್ದಿಲ್ಲ. ಗುರುಸಂಗಪ್ಪನ ಕೈಯಾಗಿನ ಹಾರ ಕೆಳಗ ಜಾರಿತು, ಆತ ಬಗ್ಗಿ ಎತ್ಕೊಳ್ಳಲೂ ಇಲ್ಲ.

ಒಂದು ತಿಂಗಳು ವಿಚಾರಣಿ ನಡೀತು. ಸತ್ತ ಡಾಕ್ಟ್ರ ಸೀಲು ಬೀಜದ ಅಂಗಡಿ ಗಲ್ಲಾದಾಗ ಸಿಕ್ತು. ಶಿಬಿರದವರು ಕವರಿನ ನಕಲು ಕಳಸಿದ್ರು. ಕವರು ನನ್ನ ಕೈಗೆ ಕೊಟ್ಟೆ ಅನ್ನೋ ಆತನ ಮಾತನ್ನ ಯಾರೂ ನಂಬಲಿಲ್ಲ. ಸತ್ತವನ ಹೆಸರಿನಾಗ ಸಹಿ ಹಾಕೋವನ ಮಾತು ಯಾರು ನಂಬ್ತಾರ? ಗುರುಸಂಗಪ್ಪಗ ಜೀವಮಾನ ಪೂರ್ತಿ ಯಾವ ಮೈದಾನದಾಗೂ ಕಾಲಿಡದಂಗ ಮಾಡಿದ್ರು. ಪೊಲೀಸ್ ಕೇಸು ಬ್ಯಾರೆ. ಬಳಗದ ಬೋರ್ಡು ಇಳಿಸಿದ್ರು. ಗೀತಾಂಜಲಿಗೆ ಇನ್ನೂ ಹದಿನೆಂಟಾಗಿಲ್ಲ ಅಂತ ಬುದ್ಧಿಮಾತು ಹೇಳಿ ಬಿಟ್ರು. ನಾನು ಇಪ್ಪತ್ನಾಲ್ಕರಾಕಿ, ಗೊತ್ತಿದ್ದೂ ಬರದಾಕಿ. ಐದು ವರ್ಷ. ಓಬಳೇಶಪ್ಪನವರು ಸಹಿ ಹಾಕಿ ಪೆನ್ನು ಮುಚ್ಚಿದ್ರು. "ನಿಯಮ ಎಲ್ಲಾರಿಗೂ ಒಂದೇ ತಾಯಿ" ಅಂದ್ರು. ಹೌದ್ರಿ ಅಂದೆ.

ಲಕ್ಷ್ಮಕ್ಕ ನನ್ನ ಮ್ಯಾಲೆ ಕೆಂಡ ಕಾರಿದ್ಲು. "ತನ್ನ ಮೂಗು ಕೊಯ್ಕೊಂಡು ಎದುರಿನೋರಿಗೆ ಅಪಶಕುನ ಮಾಡಿದ್ಲಂತೆ. ಇದಕ್ಕೇನೇ ನಾನು ನಿನ್ನ ಎದೆ ಒತ್ತಿ ಬದುಕಿಸಿದ್ದು?" ಅಂತ ಅತ್ತಳು. ಆಕಿಗೆ ಬಯ್ಯೋ ಹಕ್ಕು ಐತಿ. ಅವ್ವ ಮಾತ್ರಿ ಡಬ್ಬಿ, ನೀರಿನ ಲೋಟ ತಂದು ಮುಂದ ಇಟ್ಟು ಹೋದ್ಲು.

ಹೋದ ವಾರ ದಾವಣಗೆರೆಗೆ ಡಬ್ಬಿ ತೋರಸಾಕ ಹೊಂಟಿದ್ದೆ. ಬೆಳಿಗ್ಗೆ ಎಂಟಕ್ಕ ಕೊಟ್ಟೂರು ಬಸ್ ಸ್ಟ್ಯಾಂಡು. ಬಸ್ಸು ಬಂದಿತ್ತು, ಹತ್ತಬೇಕು ಅನ್ನೋವಾಗ ಹಿಂದ ಯಾರೋ ಶಾಂತಿ ಅಂದ್ರು. ಗುರುಸಂಗಪ್ಪ. ಸೊರಗ್ಯಾನ. ಕೋರ್ಟಿಗೆ ಹೊಂಟಿದ್ದ ಅಂತ ಕಾಣತೈತಿ, ಬಗಲಾಗ ಕಾಗದದ ಚೀಲ ಇತ್ತು. ಸುತ್ತ ಯಾರೂ ಆತನ್ನ ನಮಸ್ಕಾರ ಸರ್ ಅನ್ನಲಿಲ್ಲ. ಮೊದಲು ಆತ ಸ್ಟ್ಯಾಂಡಿಗೆ ಬಂದ್ರ ಹತ್ತು ಮಂದಿ ಅಂತಿದ್ರು.

"ನನ್ನ ಮುಗಿಸಿಬಿಟ್ಟೆಲ್ಲ," ಅಂದ. ಸಿಟ್ಟಿದ್ದಿಲ್ಲ ಆ ದನಿಯಾಗ, ದಣಿವಿತ್ತು. "ನಿನ್ನ ಆಟನೂ ಹೋತಲ್ಲ ತಂಗಿ. ಎದ್ದು ಬಂದಿದ್ದಿ, ರಾಜ್ಯಕ್ಕ ಆಡ್ತಿದ್ದಿ. ಏನು ಬಂತು ನಿನಗ?"

"ನೀವು ಹೋದ್ರಿ ಸರ್," ಅಂದೆ. "ನನಗ ಅಷ್ಟ ಬೇಕಾಗಿತ್ತು."

ಬಸ್ಸು ಹತ್ತಿದೆ. ಆತ ಇದ್ದ ಕಡಿ ಕಿಟಕಿ ಬಾಜೂಕನ ಕುಂತೆ, ನಗುಮುಖ ಮಾಡ್ಕೊಂಡು, ಬಸ್ಸು ಹೊಂಡೋ ತನಕ ಆತಗ ಕಾಣೋ ಹಂಗ ಕುಂತೆ. ಊರು ದಾಟಿದ ಮ್ಯಾಲೆ ಸೆರಗು ಮುಖಕ್ಕ ಹಿಡಕೊಂಡು ಅಳಾಕ ಹತ್ತಿದೆ. ಕಂಡಕ್ಟರ್ ಬಂದು ಎಲ್ಲಿಗಮ್ಮ ಅಂದ್ರ ಅಳ್ಕೊಂತನ ದಾವಣಗೆರೆ ಅಂದೆ. ಅಷ್ಟ ಬೇಕಾಗಿತ್ತು ಅಂದದ್ದು ಸುಳ್ಳು. ನನಗ ಆಟ ಬೇಕಾಗಿತ್ತು.